ಮುಂಗಡ ಕೊಟ್ಟೋನು ಕೋಡಂಗಿಯೇ?

ಒಂದು ದಸರಾ ರಜೆಯ ಶನಿವಾರ. ಸಂಜೆ ಆರೂವರೆ ದಾಟಿತ್ತು. ಹೆಗ್ಗಡದೇವನಕೋಟೆಯ ಬಸ್ ನಿಲ್ದಾಣದ ಬೆಂಚಿನ ಮೇಲೆ ಐದು ಜನರ ಒಂದು ಸಂಸಾರ ಕೂತಿತ್ತು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಎಪ್ಪತ್ತು ದಾಟಿದ ಅಜ್ಜಿ. ಸುತ್ತ ನಾಲ್ಕು ಬ್ಯಾಗು. ಚಿಕ್ಕ ಮಗು ಬ್ಯಾಗಿನ ಮೇಲೇ ನಿದ್ದೆ ಹೋಗಿತ್ತು. ಗಂಡಸು ಮಾತ್ರ ಕಿವಿಗೆ ಮೊಬೈಲು ಹಿಡಿದು ಆ ಕಡೆಯಿಂದ ಈ ಕಡೆಗೆ ಓಡಾಡುತ್ತಲೇ ಇದ್ದರು. ಆ ಕಡೆಯವರು ಫೋನು ಎತ್ತುತ್ತಿರಲಿಲ್ಲ.

ಟೀ ಅಂಗಡಿಯ ಪಕ್ಕ ನಿಂತಿದ್ದ ನಾವು ಸುಮ್ಮನಿರಲಾರದೆ ವಿಚಾರಿಸಿದೆವು. ಹುಬ್ಬಳ್ಳಿ ಕಡೆಯವರು. ಕಬಿನಿ ಹಿನ್ನೀರಿನ ಬಳಿಯ ಒಂದು ವಸತಿಯಲ್ಲಿ ಎರಡು ರಾತ್ರಿಗೆ ರೂಮು ಗೊತ್ತು ಮಾಡಿ, ಮೂರು ವಾರದ ಹಿಂದೆಯೇ ಪೂರ್ತಿ ಹಣ ಕಟ್ಟಿ, ರಾತ್ರಿಯೆಲ್ಲ ರೈಲಿನಲ್ಲಿ ಕೂತು ಮೈಸೂರಿಗೆ ಬಂದಿದ್ದಾರೆ. ಅರಮನೆ, ಬೆಟ್ಟ ನೋಡಿಕೊಂಡು ಕೋಟೆ ಬಸ್ಸು ಹತ್ತಿದ್ದಾರೆ. ಬಸ್ಸು ಇನ್ನೂ ದಾರಿಯಲ್ಲಿದ್ದಾಗಲೇ ಫೋನು ಬಂದಿದೆ: "ಸಾರಿ ಸಾರ್, ಟೆಕ್ನಿಕಲ್ ಪ್ರಾಬ್ಲಂ, ನಿಮ್ಮ ಬುಕಿಂಗ್ ಕ್ಯಾನ್ಸಲ್ ಆಗಿದೆ."

"ಪೂರಾ ರೊಕ್ಕ ಹಾಕೇವ್ರೀ. ಈಗ ನೋಡಿದ್ರ ಖೋಲಿ ಇಲ್ಲಂತಾರ. ಈ ಕತ್ತಲದಾಗ ಮುದುಕಿನ್ನ ಕಟಗೊಂಡು ಎಲ್ಲಿ ಹೋಗೂದ್ರೀ ನಾವು?" ಎಂದರು ಆ ಯಜಮಾನರು. ಸಿಟ್ಟಿಗಿಂತ ಅವಮಾನವೇ ಹೆಚ್ಚಾಗಿದ್ದ ಮಾತು. ಹೆಂಡತಿ ಮಕ್ಕಳ ಮುಂದೆ ಗಂಡಸಿಗೆ ಇಂಥ ಹೊತ್ತಿನಲ್ಲಿ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಟೀ ಅಂಗಡಿಯವನು ಲೋಟ ತೊಳೆಯುತ್ತಲೇ ಎಲ್ಲ ಕೇಳಿಸಿಕೊಂಡಿದ್ದ. "ಕೂತ್ಕಳಿ ಸಾ, ಮೊದ್ಲು ಅಜ್ಜಮ್ಮುಂಗೆ ಒಂದ್ ಟೀ ಕುಡ್ಸಿ. ಏನಾರ ಮಾಡವ" ಅಂದ. ಅವನೇ ಇಬ್ಬರು ಮೂವರಿಗೆ ಫೋನು ಮಾಡಿ, ಊರೊಳಗಿನ ಒಂದು ಲಾಡ್ಜಿನಲ್ಲಿ ಎರಡು ರೂಮು ಬಿಡಿಸಿಕೊಟ್ಟ. ಟೀ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಕೋಟೆಯ ಮಾನ ಆ ದಿನ ಉಳಿದಿದ್ದು ಒಂದು ಟೀ ಅಂಗಡಿಯಲ್ಲಿ ಎಂದು ಬರೆಯಲು ನಮಗೆ ಸಂಕೋಚವಿಲ್ಲ.

ಆದರೆ ಪ್ರಶ್ನೆ ಅದಲ್ಲ. ಮೂರು ವಾರ ಮುಂಚೆ ಹಣ ಎಣಿಸಿಕೊಂಡವನು ಕೊನೇ ಗಳಿಗೆಯಲ್ಲಿ 'ರೂಮಿಲ್ಲ' ಎಂದು ಫೋನು ಇಟ್ಟುಬಿಡಬಹುದೆ? ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯೇ ಈ ದೇಶದ ಕಾನೂನೆ?

ಅಲ್ಲ. ಕಾನೂನು ಇದೆ, ಗಟ್ಟಿಯಾಗಿಯೇ ಇದೆ. ಅದು ಜನಕ್ಕೆ ಗೊತ್ತಿಲ್ಲ, ಹೋಟೆಲಿನವರಿಗೆ ಗೊತ್ತಿದ್ದರೂ ಹೇಳುವುದಿಲ್ಲ. ಅದಕ್ಕೇ ಈ ಹೊತ್ತಿನ ಈ ಬರಹ.

ಮೊದಲು, ಕೊಟ್ಟ ರೂಮು ಯಾಕೆ ತಪ್ಪುತ್ತದೆ ನೋಡೋಣ. 'ಟೆಕ್ನಿಕಲ್ ಪ್ರಾಬ್ಲಂ' ಎಂಬ ಮಾತಿನ ಹಿಂದೆ ಸಾಮಾನ್ಯವಾಗಿ ಮೂರು ಸಂಗತಿಗಳಿರುತ್ತವೆ. ಒಂದು, ಬರುತ್ತೇನೆಂದವರಲ್ಲಿ ಕೆಲವರು ಬರುವುದಿಲ್ಲ ಎಂಬ ಲೆಕ್ಕದ ಮೇಲೆ ಹತ್ತು ರೂಮಿಗೆ ಹನ್ನೆರಡು ಜನರಿಂದ ಹಣ ಹಿಡಿಯುವುದು. ಹನ್ನೆರಡೂ ಜನ ಬಂದುಬಿಟ್ಟರೆ ಇಬ್ಬರು ಬೀದಿಗೆ. ಎರಡು, ಜನ ಇಲ್ಲದಾಗ ಕಡಿಮೆ ದರಕ್ಕೆ ಕೊಟ್ಟ ರೂಮಿಗೆ ದಸರಾ, ಕ್ರಿಸ್‌ಮಸ್ ಬಂದ ಕೂಡಲೇ ದುಪ್ಪಟ್ಟು ಕೊಡುವ ಗಿರಾಕಿ ಸಿಗುತ್ತಾನೆ. ಹಳಬನಿಗೆ ಒಂದು ಫೋನು, ಹೊಸಬನಿಗೆ ಬೀಗದ ಕೈ. ಮೂರನೆಯದು ನಮ್ಮ ನಾಡಿನ ಹಳೇ ರೋಗ. 'ಮೇಲಿನಿಂದ' ಫೋನು ಬರುವುದು. ಯಾರೋ ದೊಡ್ಡ ಮನುಷ್ಯರ ಕಡೆಯವರು ಬರುತ್ತಾರೆ, ಚಿಕ್ಕ ಮನುಷ್ಯರು ಎದ್ದು ಹೋಗಬೇಕು. ಮೂರರಲ್ಲಿ ಯಾವುದೇ ಆದರೂ ರಿಪೇರಿಯವನನ್ನು ಕರೆಸಿ ಸರಿಮಾಡಿಸುವಂಥ ಟೆಕ್ನಿಕಲ್ ಸಂಗತಿ ಅದರಲ್ಲಿ ಏನೂ ಇಲ್ಲ.

ಬೆಂಗಳೂರಿನಲ್ಲಿ ಹೀಗಾದರೆ ಪಕ್ಕದ ರಸ್ತೆಯಲ್ಲಿ ಇನ್ನೊಂದು ಹೋಟೆಲು ಸಿಗುತ್ತದೆ. ಕೋಟೆ ಸೀಮೆ ಹಾಗಲ್ಲ. ಮೈಸೂರು ಸುಮಾರು ಐವತ್ತು ಕಿಲೋಮೀಟರು ಹಿಂದೆ. ಮುಂದೆ ಕಾಕನಕೋಟೆ ಕಾಡು. ಬಾವಲಿ ಮೂಲಕ ಮಾನಂದವಾಡಿಗೆ ಹೋಗುವ ಕಾಡುದಾರಿ ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ವಾಹನಗಳಿಗೆ ಬಂದ್. ಆನೆ ಓಡಾಡುವ ಜಾಗ, ಬಂದ್ ಆಗಿರುವುದು ಸರಿಯೇ. ಆದರೆ ಸಂಜೆ ಆರರ ಮೇಲೆ ರೂಮು ತಪ್ಪಿಸಿಕೊಂಡವನಿಗೆ ಅತ್ತ ದರಿ, ಇತ್ತ ಪುಲಿ. ಇಲ್ಲಿ ಅದು ಬರೀ ಗಾದೆಯಲ್ಲ ಸ್ವಾಮಿ, ಪುಲಿ ನಿಜವಾಗಿಯೂ ಇದೆ. ಹಾಗಾಗಿ ಈ ಭಾಗದಲ್ಲಿ ಕೊನೇ ಗಳಿಗೆಯಲ್ಲಿ ರೂಮು ರದ್ದು ಮಾಡುವುದೆಂದರೆ ಹಣದ ಮೋಸಕ್ಕಿಂತ ಹೆಚ್ಚಿನದು.

ಈಗ ಕಾನೂನಿಗೆ ಬರೋಣ. ಗ್ರಾಹಕರ ರಕ್ಷಣೆಗೆಂದು ೧೯೮೬ರಲ್ಲಿ ಒಂದು ಕಾಯಿದೆ ಬಂತು. ಅದರ ಜಾಗಕ್ಕೆ ೨೦೧೯ರ ಹೊಸ ಕಾಯಿದೆ ಬಂದು, ೨೦೨೦ರ ಜುಲೈನಿಂದ ಜಾರಿಯಲ್ಲಿದೆ. ಹಣ ಪಡೆದು ಕೊಡುವ ಊಟ ಮತ್ತು ವಸತಿ 'ಸೇವೆ' ಎಂದು ಹಳೆಯದೂ ಹೇಳಿತ್ತು, ಹೊಸದೂ ಬಿಡಿಸಿ ಹೇಳುತ್ತದೆ. ಒಪ್ಪಿಕೊಂಡ ಸೇವೆಯನ್ನು ಕೊಡದಿದ್ದರೆ ಅದು 'ಸೇವಾ ನ್ಯೂನತೆ'. ಐದು ನಕ್ಷತ್ರದ ರೆಸಾರ್ಟಿಗೂ ಅದೇ, ಸಂತೆಬೀದಿಯ ಲಾಡ್ಜಿಗೂ ಅದೇ. 'ನಾವು ಯಾವಾಗ ಬೇಕಾದರೂ ರದ್ದು ಮಾಡಬಹುದು' ಎಂದು ಚೀಟಿಯ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಿಸಿಕೊಂಡರೆ ಪಾರಾದೆವು ಎಂದು ಕೆಲವರು ತಿಳಿದಿದ್ದಾರೆ. ಸರಿಯಾದ ಕಾರಣವಿಲ್ಲದೆ ಒಂದೇ ಕಡೆಯವರು ಕರಾರು ಮುರಿಯುವ ಅಧಿಕಾರ ಇಟ್ಟುಕೊಂಡು, ಅದರಿಂದ ಗ್ರಾಹಕರ ಹಕ್ಕಿಗೆ ದೊಡ್ಡ ಪೆಟ್ಟು ಬೀಳುವುದಾದರೆ ಅದನ್ನು ಹೊಸ ಕಾಯಿದೆ 'ಅನ್ಯಾಯದ ಕರಾರು' ಎಂದೇ ಕರೆದಿದೆ.

ಸರಿ, ಕಾಯಿದೆ ಪುಸ್ತಕದಲ್ಲಿದೆ. ರಾತ್ರಿ ಏಳು ಗಂಟೆಗೆ ಬ್ಯಾಗು ಹಿಡಿದು ನಿಂತವನು ಏನು ಮಾಡಬೇಕು?

ಮೊಟ್ಟಮೊದಲು, ಬಾಯಿಮಾತಿಗೆ ಬಗ್ಗಬೇಡಿ. 'ರೂಮು ಕೊಡಲು ಆಗುವುದಿಲ್ಲ, ರದ್ದು ಮಾಡಿದ್ದು ನಾವೇ' ಎಂಬುದನ್ನು ಅವರ ಕೈಯಿಂದಲೇ ಬರೆಸಿಕೊಳ್ಳಿ. ಕಾಗದದ ಮೇಲಾದರೂ ಸರಿ, ವಾಟ್ಸಾಪಿನಲ್ಲಾದರೂ ಸರಿ. ಅವರು ಬರೆದು ಕೊಡದಿದ್ದರೆ ನೀವೇ ಬರೆದು ಕಳಿಸಿ: "ಇಂಥ ದಿನ, ಇಷ್ಟು ಗಂಟೆಗೆ ಬಂದೆವು, ಇಂಥವರು ರೂಮಿಲ್ಲ ಎಂದರು." ಅದಕ್ಕೆ ಅವರು ಉತ್ತರ ಕೊಡಲಿ, ಬಿಡಲಿ, ಗಂಟೆ ನಿಮಿಷದ ಸಮೇತ ದಾಖಲೆ ಉಳಿಯುತ್ತದೆ.

ಇಲ್ಲೊಂದು ಹುಷಾರು ಹೇಳಬೇಕು. ಆ್ಯಪಿನ ಮೂಲಕ ಬುಕ್ ಮಾಡಿದವರಿಗೆ ಹೋಟೆಲಿನವರು ಬಹಳ ಮೆತ್ತಗೆ ಒಂದು ಮಾತು ಹೇಳುತ್ತಾರೆ: "ಸಾರ್, ನೀವೇ ಒಂದ್ಸಲ ಕ್ಯಾನ್ಸಲ್ ಬಟನ್ ಒತ್ತಿಬಿಡಿ, ದುಡ್ಡು ತಾನಾಗೇ ಬರುತ್ತೆ." ಒತ್ತಬೇಡಿ! ಒತ್ತಿದ ಕ್ಷಣದಿಂದ ರದ್ದು ಮಾಡಿದವರು ನೀವು, ಅವರಲ್ಲ. ಬಂದ ದಿನವೇ ರದ್ದು ಮಾಡಿದವರಿಗೆ ಒಂದು ಕಾಸೂ ಇಲ್ಲ ಎಂಬ ಷರತ್ತು ಅಲ್ಲಿ ಬಾಯಿ ತೆರೆದುಕೊಂಡು ಕೂತಿರುತ್ತದೆ. ಬೆರಳಿನ ಒಂದು ಒತ್ತಿಗೆ ಕೇಸೇ ತಿರುಗಿಹೋಗುತ್ತದೆ. ಬಟನ್ ಅವರೇ ಒತ್ತಿಕೊಳ್ಳಲಿ.

ಆಮೇಲೆ ಕೇಳಬೇಕಾದ್ದು ಹಣವನ್ನಲ್ಲ, ರೂಮನ್ನು. ಅಷ್ಟೇ ಸೌಕರ್ಯದ ಇನ್ನೊಂದು ರೂಮು, ಅವರ ಖರ್ಚಿನಲ್ಲಿ, ಅಲ್ಲಿಯವರೆಗೆ ಹೋಗುವ ಗಾಡಿಯ ಸಮೇತ. ಇದೇನೂ ಅತಿಯಾಸೆಯಲ್ಲ. ಅಮೆರಿಕ, ಯೂರೋಪಿನ ದೊಡ್ಡ ಹೋಟೆಲುಗಳಲ್ಲಿ ಗಿರಾಕಿ ಹೆಚ್ಚಾದಾಗ ಹೀಗೆ ಬೇರೆ ಕಡೆ ಇಳಿಸಿ ಮೊದಲ ರಾತ್ರಿಯ ಬಾಡಿಗೆ ತಾವೇ ಕೊಡುವುದು ವ್ಯಾಪಾರದ ವಾಡಿಕೆ. ನಮ್ಮ ಹಳೇ ಲಾಡ್ಜಿನ ಯಜಮಾನರೂ ಮಾಡುತ್ತಿದ್ದರು. ರೂಮು ತುಂಬಿದ್ದರೆ ಹುಡುಗನ ಕೈಲಿ ಬ್ಯಾಗು ಹೊರಿಸಿ ಪಕ್ಕದ ಲಾಡ್ಜಿಗೆ ಕಳಿಸುತ್ತಿದ್ದರು.

ಅವರು ಕೊಡಿಸುವುದಿಲ್ಲವೆ? ನೀವೇ ಬೇರೆ ರೂಮು ಹಿಡಿಯಿರಿ. ರಸೀದಿ ಇಟ್ಟುಕೊಳ್ಳಿ. ಆಟೋ, ಕಾರಿನ ಬಾಡಿಗೆಯದ್ದೂ ಇಟ್ಟುಕೊಳ್ಳಿ. ಕರಾರು ಮುರಿದವನು ಅದರಿಂದ ಸಹಜವಾಗಿ ಆದ ನಷ್ಟ ತುಂಬಿಕೊಡಬೇಕು ಎಂದು ೧೮೭೨ರ ಕರಾರು ಕಾಯಿದೆಯ ೭೩ನೇ ಕಲಮು ಹೇಳುತ್ತದೆ. ಎರಡು ಸಾವಿರದ ರೂಮು ತಪ್ಪಿ, ಮೂರೂವರೆ ಸಾವಿರದ ರೂಮೇ ಸಿಕ್ಕಿದ್ದರೆ ಆ ಒಂದೂವರೆ ಸಾವಿರ ಅವರ ತಲೆಯ ಮೇಲೆ. ಹಾಗೆಂದು ಎರಡು ಸಾವಿರದ ಸಿಟ್ಟಿಗೆ ಇಪ್ಪತ್ತು ಸಾವಿರದ ರೂಮಿನಲ್ಲಿ ಮಲಗಿ ಬಿಲ್ಲು ಕಳಿಸಿದರೆ ಯಾವ ನ್ಯಾಯಾಧೀಶರೂ ಒಪ್ಪುವುದಿಲ್ಲ. ನಷ್ಟ ಕಡಿಮೆ ಮಾಡಿಕೊಳ್ಳುವ ದಾರಿ ನಿಮಗೆ ಇತ್ತೋ ಇಲ್ಲವೋ ಎಂಬುದನ್ನೂ ಅದೇ ಕಲಮು ನೋಡುತ್ತದೆ.

ಹಣ ವಾಪಸು ಕೊಡುವಾಗ 'ಕ್ರೆಡಿಟ್ ನೋಟ್', 'ಮುಂದಿನ ಸಲ ಬನ್ನಿ, ಫ್ರೀ ಕೊಡುತ್ತೇವೆ' ಎಂದು ಮೂಗಿಗೆ ತುಪ್ಪ ಸವರುವುದುಂಟು. ಒಮ್ಮೆ ಕೈಕೊಟ್ಟವನ ಬಾಗಿಲಿಗೆ ಇನ್ನೊಮ್ಮೆ ಹೋಗಬೇಕೋ ಬೇಡವೋ ಎಂಬುದು ನಿಮ್ಮ ಇಷ್ಟ. ಕೊಟ್ಟದ್ದು ಹಣ, ಬರಬೇಕಾದ್ದೂ ಹಣ. ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿಗೂ ಒಂದು ತಕರಾರು ಅರ್ಜಿ ಹಾಕಬಹುದು. ಹೆಂಗಸರು ಮಕ್ಕಳು ಕತ್ತಲಲ್ಲಿ ದಿಕ್ಕಿಲ್ಲದೆ ನಿಂತ ಸ್ಥಿತಿಯಾದರೆ ಕಾನೂನಿನ ಮಾತು ಬೆಳಗ್ಗೆಗೆ ಇರಲಿ, ಮೊದಲು ೧೧೨ಕ್ಕೆ ಫೋನು ಮಾಡಿ.

ಊರಿಗೆ ವಾಪಸಾದ ಮೇಲೆ ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಕನ್ನಡದಲ್ಲೇ ಮಾತಾಡಬಹುದು. ಅದು ಕೋರ್ಟಲ್ಲ, ಎರಡೂ ಕಡೆಯವರ ನಡುವೆ ಮಾತು ಹಾಕಿ ಕೊಡಿಸುವ ವ್ಯವಸ್ಥೆ. ಬಹಳಷ್ಟು ಕಂಪನಿಗಳು ಈ ಹಂತದಲ್ಲೇ ಬಗ್ಗುತ್ತವೆ. ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಎರಡು ವರ್ಷದೊಳಗೆ ದೂರು ಹಾಕಬೇಕು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕೆಂದಿಲ್ಲ. ಇ-ಜಾಗೃತಿ ಎಂಬ ಸರ್ಕಾರಿ ತಾಣದಲ್ಲಿ ಮನೆಯಿಂದಲೂ ದೂರು ಸಲ್ಲಿಸಬಹುದು. ಎಲ್ಲಕ್ಕಿಂತ ಮುಖ್ಯವಾದ ಮಾತು: ದೂರನ್ನು ನೀವಿರುವ ಜಿಲ್ಲೆಯಲ್ಲೇ ಹಾಕಬಹುದು. ಇದು ೨೦೧೯ರ ಕಾಯಿದೆಯಿಂದ ಬಂದ ಅನುಕೂಲ. ಹಿಂದೆ ಹುಬ್ಬಳ್ಳಿಯವರು ಕಬಿನಿಯ ರೂಮಿಗಾಗಿ ಮೈಸೂರಿಗೆ ಅಲೆಯಬೇಕಿತ್ತು. ಈಗ ಧಾರವಾಡದಲ್ಲಿ ಹಾಕಿದರೆ ಇಲ್ಲಿಯ ಮ್ಯಾನೇಜರೇ ಉತ್ತರ ಕೊಡಲು ಅಲ್ಲಿಗೆ ಓಡಬೇಕು. ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು ಎಂದೂ ಕಾಯಿದೆಯಲ್ಲಿ ಬರೆದಿದೆ. ಬರೆದಿದ್ದೆಲ್ಲ ಆಗುವುದಿಲ್ಲ, ಅದು ಬೇರೆ ಮಾತು.

'ಇದೆಲ್ಲ ಆಗೋ ಹೋಗೋ ಮಾತಾ ಸ್ವಾಮಿ?' ಎನ್ನುವವರಿಗೆ ನೆರೆಯ ಕೇರಳದ ಒಂದು ಪ್ರಕರಣ. ಹತ್ತು ಜನರ ಒಂದು ಕುಟುಂಬ ಆ್ಯಪಿನ ಮೂಲಕ ೨,೯೩೩ ರೂಪಾಯಿ ಕಟ್ಟಿ ಕೊಲ್ಲಂನ ಹೋಟೆಲೊಂದಕ್ಕೆ ರಾತ್ರಿ ಹೊತ್ತಿನಲ್ಲಿ ಬಂತು. ವಯಸ್ಸಾದ ತಂದೆತಾಯಿ, ಮಕ್ಕಳು ಜೊತೆಯಲ್ಲಿದ್ದರು. ಹೋಟೆಲಿನವರು ರೂಮಿಗೆ ಇನ್ನೂ ಎರಡೂವರೆ ಸಾವಿರ ಕೊಟ್ಟರೆ ಮಾತ್ರ ಎಂದು ಕೂತರು. ಆ ಕುಟುಂಬ ಅಪರಾತ್ರಿಯಲ್ಲಿ ಬೇರೆ ವಸತಿ ಹುಡುಕಿಕೊಂಡು ಅಲೆಯಬೇಕಾಯಿತು. ಎರ್ನಾಕುಲಂ ಜಿಲ್ಲಾ ಗ್ರಾಹಕರ ಆಯೋಗ ೨೦೨೪ರಲ್ಲಿ ಒಂದು ಲಕ್ಷ ರೂಪಾಯಿ ಪರಿಹಾರ, ಮೇಲೆ ಹತ್ತು ಸಾವಿರ ಖರ್ಚು ಕೊಡಬೇಕೆಂದು ಆದೇಶಿಸಿತು. ಹೋಟೆಲಿನವರಿಗೆ ಮಾತ್ರವಲ್ಲ, ಬುಕ್ ಮಾಡಿಸಿಕೊಂಡ ಆ್ಯಪಿನ ಕಂಪನಿಗೂ ಸೇರಿಸಿ! 'ನಾವು ಬರೀ ಮಧ್ಯವರ್ತಿಗಳು' ಎಂದು ಜಾರಿಕೊಳ್ಳುವವರು ಇದನ್ನು ಓದಬೇಕು. ಆನ್‌ಲೈನ್ ವ್ಯಾಪಾರಕ್ಕೆಂದು ೨೦೨೦ರಲ್ಲಿ ಬಂದ ನಿಯಮಗಳಲ್ಲೂ ಒಂದು ಒಳ್ಳೆಯ ಮಾತಿದೆ. ತಾವು ಏಕಪಕ್ಷೀಯವಾಗಿ ರದ್ದು ಮಾಡಿದಾಗ ತಾವೂ ಅಷ್ಟೇ ದಂಡ ತೆರುವುದಿಲ್ಲವಾದರೆ, ಗ್ರಾಹಕ ರದ್ದು ಮಾಡಿದಾಗ ಅವನಿಂದ ದಂಡ ವಸೂಲು ಮಾಡುವಂತಿಲ್ಲ. ಹಗ್ಗ ಎರಡೂ ಕಡೆ ಬಿಗಿಯಬೇಕು ಎಂದರ್ಥ.

ಇನ್ನು ನಮ್ಮ ಸೀಮೆಯನ್ನೇ ನಡುಗಿಸಿದ ಸಂಗತಿಗೆ ಬರೋಣ. ೨೦೨೫ರ ಅಕ್ಟೋಬರ್, ನವೆಂಬರ್‌ನಲ್ಲಿ ಸರಗೂರು ತಾಲೂಕಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಒಬ್ಬರ ಹಿಂದೊಬ್ಬರು ಬಲಿಯಾದರು. ಜನ ರೊಚ್ಚಿಗೆದ್ದರು. ನವೆಂಬರ್ ೭ರಂದು ನಾಗರಹೊಳೆ ಮತ್ತು ಬಂಡೀಪುರದಲ್ಲಿ ಸಫಾರಿ, ಚಾರಣ ನಿಲ್ಲಿಸುವಂತೆ ಅರಣ್ಯ ಸಚಿವರು ಸೂಚಿಸಿದರು. ಸಫಾರಿಯಲ್ಲಿದ್ದ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಹಚ್ಚಬೇಕು ಎಂಬುದು ಆದೇಶದ ತಿರುಳು. ಆಗ ಕೆಲವು ಪ್ರವಾಸಿಗಳು 'ನಮ್ಮ ರಜೆ ಹಾಳಾಯಿತು' ಎಂದು ಗೊಣಗಿದರು. ಹೊಲದಲ್ಲಿ ಹೆಣ ಬಿದ್ದ ಊರಿನಲ್ಲಿ ನಿಂತು ಜೀಪು ಬರಲಿಲ್ಲ ಎಂದು ಗೊಣಗುವುದು ಮರ್ಯಾದೆಯಲ್ಲ. ಸಫಾರಿ ನಿಲ್ಲಿಸಿದ್ದನ್ನು ಈ ಅಂಕಣ ಒಪ್ಪುತ್ತದೆ.

ಆದರೆ ಅವರು ಕಟ್ಟಿದ ಹಣ? ಅದು ಗೊಣಗಾಟವಲ್ಲ, ಹಕ್ಕು. ಕೆಲವರ ಅನುಭವ ಹೀಗಿದೆ: ಸಫಾರಿ ಸೇರಿಸಿ ಒಂದು ರಾತ್ರಿಗೆ ಹತ್ತು ಹದಿನೈದು ಸಾವಿರ ದಾಟುವ ದರ ಕಟ್ಟಿದವರಿಗೆ, "ಸಫಾರಿ ಇಲ್ಲ, ರೂಮು ಇದೆ, ಬಂದು ಮಲಗಿಕೊಳ್ಳಿ, ಹಣ ವಾಪಸು ಇಲ್ಲ" ಎಂಬ ಉತ್ತರ. ಅಲ್ಲ ಸ್ವಾಮಿ, ಬರೀ ಮಲಗಲಿಕ್ಕೆ ಯಾರಾದರೂ ಹುಬ್ಬಳ್ಳಿಯಿಂದ, ಚೆನ್ನೈಯಿಂದ ಕಾರಾಪುರಕ್ಕೆ ಬರುತ್ತಾರೆಯೆ?

ಇದಕ್ಕೆ ನೂರು ವರ್ಷಕ್ಕೂ ಹಳೆಯದಾದ ಒಂದು ಲಂಡನ್ ತೀರ್ಪಿದೆ. ೧೯೦೨ರ ಜೂನ್. ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕದ ಮೆರವಣಿಗೆ ಹೋಗುವ ಬೀದಿಯಲ್ಲಿ, ಕಿಟಕಿಯಿಂದ ನೋಡಲಿಕ್ಕೆಂದೇ ಹೆನ್ರಿ ಎಂಬುವನು ಕ್ರೆಲ್ ಎಂಬುವನ ಮನೆಯನ್ನು ಎರಡು ಹಗಲಿಗೆ ೭೫ ಪೌಂಡಿಗೆ ಗೊತ್ತು ಮಾಡಿಕೊಂಡ. ೨೫ ಪೌಂಡು ಮುಂಗಡ. ದೊರೆಗೆ ಕಾಯಿಲೆಯಾಗಿ ಮೆರವಣಿಗೆ ನಿಂತಿತು. ಮನೆ ಇದೆ, ಕಿಟಕಿ ಇದೆ, ಬಾಕಿ ೫೦ ಪೌಂಡು ಕೊಡು ಎಂದ ಮನೆಯವನು. ೧೯೦೩ರಲ್ಲಿ ಮೇಲಿನ ಕೋರ್ಟು ಹೇಳಿತು: ಈ ಕರಾರಿನ ಬುಡವೇ ಮೆರವಣಿಗೆ. ಬುಡ ಹೋದ ಮೇಲೆ ಬಾಕಿ ಕೊಡಬೇಕಾಗಿಲ್ಲ. ನಮ್ಮ ಕಾನೂನು ಕಾಲೇಜುಗಳ ಹುಡುಗರು ಇಂದಿಗೂ ಓದುವ ತೀರ್ಪು ಇದು. ಮೆರವಣಿಗೆಯ ಜಾಗದಲ್ಲಿ ಹುಲಿಯನ್ನಿಟ್ಟು ನೋಡಿ, ಕಬಿನಿಯ ಕಥೆ ಅದೇ.

ಹೆನ್ರಿಗೆ ತಾನು ಕೊಟ್ಟ ಮುಂಗಡ ಮಾತ್ರ ವಾಪಸು ಬರಲಿಲ್ಲ. ನಮ್ಮ ಕಾಯಿದೆ ಅವನ ದೇಶದ ಅಂದಿನ ಕಾನೂನಿಗಿಂತ ಈ ವಿಷಯದಲ್ಲಿ ಮೇಲು. ಕರಾರು ನಡೆಸುವುದು ಅಸಾಧ್ಯವಾದರೆ ಅದು ಅಲ್ಲಿಗೇ ಬಿದ್ದುಹೋಗುತ್ತದೆ ಎನ್ನುತ್ತದೆ ೫೬ನೇ ಕಲಮು. ಬಿದ್ದುಹೋದ ಕರಾರಿನಿಂದ ಯಾರಿಗೆ ಏನು ಲಾಭ ಬಂದಿದೆಯೋ ಅದನ್ನು ವಾಪಸು ಕೊಡಬೇಕು ಎನ್ನುತ್ತದೆ ೬೫ನೇ ಕಲಮು. ಸಫಾರಿ ನಿಂತಿದ್ದು ರೆಸಾರ್ಟಿನವರ ತಪ್ಪಲ್ಲ, ನಿಜ. ಅದಕ್ಕೇ ಅವರಿಂದ ಮನನೋವಿನ ಪರಿಹಾರ ಕೇಳಬೇಡಿ. ಆದರೆ ಕೊಡದ ಸಫಾರಿಯ ಹಣ ಇಟ್ಟುಕೊಳ್ಳುವುದಕ್ಕೆ ಅವರಿಗೂ ಹಕ್ಕಿಲ್ಲ. ಸಫಾರಿಗೆಂದೇ ಮಾಡಿದ ಬುಕಿಂಗಾದರೆ ರೂಮಿನ ಹಣವನ್ನೂ ಧೈರ್ಯವಾಗಿ ಕೇಳಬಹುದು. ತಪ್ಪು ಯಾರದ್ದೂ ಅಲ್ಲದ ನಷ್ಟವನ್ನು ಮುಂಗಡ ಕೊಟ್ಟವನೊಬ್ಬನೇ ಹೊರಬೇಕು ಎಂದು ಯಾವ ಶಾಸ್ತ್ರ ಹೇಳಿದೆ? ಕೊರೋನಾ ಲಾಕ್‌ಡೌನಿನಲ್ಲಿ ರದ್ದಾದ ವಿಮಾನ ಟಿಕೆಟ್ಟುಗಳ ಹಣ ಹಿಂದಿರುಗಿಸುವ ದಾರಿಯನ್ನು ೨೦೨೦ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟೇ ಹಾಕಿಕೊಟ್ಟಿತು. ಲಾಡ್ಜಿನ ರೂಮಿಗೆ ಅಂಥ ಒಂದು ಒಟ್ಟು ತೀರ್ಪು ಇಲ್ಲ. ಹಾಗಾಗಿ ಒಬ್ಬೊಬ್ಬರೇ ಕೇಳಿ ಪಡೆಯಬೇಕು.

ಸಣ್ಣ ಹೋಂಸ್ಟೇಯವರ ಮಾತನ್ನೂ ಹೇಳದಿದ್ದರೆ ಅನ್ಯಾಯ. ಹಿನ್ನೀರಿನ ದಂಡೆಯಲ್ಲಿ ಮೂರು ರೂಮು ಕಟ್ಟಿ ಸಾಲದ ಕಂತು ತೀರಿಸುತ್ತಿರುವ ನಮ್ಮ ಹುಡುಗರಿದ್ದಾರೆ. ಫೋನಿನಲ್ಲಿ 'ಬರ್ತೀವಿ ಕಣಯ್ಯಾ, ನಾಟಿಕೋಳಿ ರೆಡಿ ಇರಲಿ' ಎಂದು ಹೇಳಿ, ಬಾರದೆ, ಫೋನೂ ಎತ್ತದ ಪಟ್ಟಣದ ಮಹನೀಯರಿಂದ ಅವರು ಎಷ್ಟು ಸಲ ಕೋಳಿಯನ್ನು ತಾವೇ ತಿಂದಿದ್ದಾರೋ! ಬಾರದೆ ಹೋದವನ ಮುಂಗಡದಲ್ಲಿ ನ್ಯಾಯವಾದಷ್ಟನ್ನು ಅವರು ಹಿಡಿದುಕೊಳ್ಳಲಿ, ಯಾರೂ ಬೇಡ ಎನ್ನುವುದಿಲ್ಲ. ಸಫಾರಿ ನಿಂತಾಗ ಮೊದಲು ಒಲೆ ಆರಿದ್ದೂ ಇಂಥವರದ್ದೇ, ಜೀಪಿನ ಡ್ರೈವರುಗಳದ್ದೇ, ಪಾತ್ರೆ ತೊಳೆಯಲು ಹೋಗುವ ಹಾಡಿಯ ಹೆಣ್ಣುಮಕ್ಕಳದ್ದೇ. ಗಿರಾಕಿಯ ಹಣವನ್ನು ಹಿಡಿದಿಟ್ಟ ದೊಡ್ಡ ರೆಸಾರ್ಟುಗಳು ಅದರಲ್ಲಿ ಇವರಿಗೆ ಎಷ್ಟು ಕೊಟ್ಟವು ಎಂದು ಯಾರಾದರೂ ಕೇಳಿದ್ದಾರೆಯೆ? ನಾವಂತೂ ಈಗ ಕೇಳುತ್ತಿದ್ದೇವೆ.

ಸರ್ಕಾರಿ ಬಂಗಲೆಗಳ ಕಥೆ ಇನ್ನೊಂದು. ಕಟ್ಟಿದ ಹಣ ಕಡಿಮೆ, ರದ್ದಿನ ಭಯ ಹೆಚ್ಚು. ಮಂತ್ರಿಗಳ ಮೊಕ್ಕಾಂ ಬಿತ್ತೆಂದರೆ ಬುಕ್ ಮಾಡಿದವನ ಹಾಸಿಗೆ ವರಾಂಡಕ್ಕೆ. ಹೆಚ್ಚು ಬರೆದು ಪ್ರಯೋಜನವಿಲ್ಲ.

ಓದುಗರು ಇದನ್ನೆಲ್ಲ 'ಹೊರಗಿನಿಂದ ಬರುವವರ ಸಮಾಚಾರ' ಎಂದು ತಿಳಿಯಬಾರದು. ನಾವೂ ಹೊರಗೆ ಹೋಗುವವರೇ ಅಲ್ಲವೆ? ಕೆಲವು ವರ್ಷಗಳ ಹಿಂದೆ ನಾವು ಮನೆಮಂದಿಯೊಡನೆ ಕರಾವಳಿಯ ಒಂದು ಯಾತ್ರಾಸ್ಥಳಕ್ಕೆ ಹೋದೆವು. ಮುಂಗಡ ಕಳಿಸಿದ್ದೆವು, ಫೋನಿನಲ್ಲಿ 'ಆಯ್ತು ಬನ್ನಿ' ಎಂದಿದ್ದರು. ಹೋಗಿ ನೋಡಿದರೆ ಮದುವೆ ದಿಬ್ಬಣವೊಂದು ಇಡೀ ಮಹಡಿಯನ್ನೇ ಹಿಡಿದಿತ್ತು. ಗಲ್ಲಾದಲ್ಲಿ ಕೂತಿದ್ದವರು ತಲೆ ಎತ್ತಲೂ ಇಲ್ಲ. "ರಸೀದಿ ಉಂಟಾ?" ಎಂದರು. ಇರಲಿಲ್ಲ. ಅಲ್ಲಿಗೆ ಮುಗಿಯಿತು. ಊರಿಗೆಲ್ಲ ಬುದ್ಧಿ ಹೇಳುವ ಪತ್ರಿಕೆಯವರು ಆ ರಾತ್ರಿ ಬಸ್ ನಿಲ್ದಾಣದಲ್ಲಿ ಟವೆಲು ಹಾಸಿ ಮಲಗಿದೆವು. ಮನೆಯವರು ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

ಅದಕ್ಕಿಂತ ಕಷ್ಟದ್ದು ಆಸ್ಪತ್ರೆಯ ಪ್ರಯಾಣ. ನಮ್ಮ ಹಳ್ಳಿಗಳಿಂದ ಆಪರೇಷನ್ನು, ಹೆರಿಗೆ ಎಂದು ಮೈಸೂರಿಗೆ ಹೋಗುವವರು ಆಸ್ಪತ್ರೆಯ ಸುತ್ತಮುತ್ತ ಇನ್ನೂರು ಮುನ್ನೂರು ಮುಂಗಡ ಕೊಟ್ಟು ರೂಮು ಹೇಳಿಬರುತ್ತಾರೆ. ದಸರಾ ಬಂತೆಂದರೆ ಆ ರೂಮು ಹೋಯಿತು. ರೋಗಿ ಒಳಗೆ, ಜೊತೆಯವರು ಫುಟ್‌ಪಾತಿನಲ್ಲಿ. ಇವರ ಕೈಲಿ ರಸೀದಿಯೂ ಇಲ್ಲ, ಕೇಳುವ ಬಾಯಿಯೂ ಇಲ್ಲ. ಅಣ್ಣ, ತಮ್ಮಂದಿರೇ, ಐವತ್ತು ರೂಪಾಯಿ ಮುಂಗಡವಾದರೂ ಚೀಟಿ ಬರೆಸಿಕೊಳ್ಳಿ. ಬರೆಯುವುದಿಲ್ಲ ಎಂದರೆ ಫೋನ್‌ಪೇಯಲ್ಲಿ ಕೊಡಿ, ಕೊಡುವಾಗಲೇ 'ಇಂಥ ತಾರೀಖಿನ ರೂಮು ಮುಂಗಡ' ಎಂದು ಅಲ್ಲೇ ಬರೆಯಿರಿ. ಅದೇ ನಿಮ್ಮ ರಸೀದಿ.

ಇನ್ನು ತಾಲೂಕು ಆಡಳಿತಕ್ಕೆ ಮತ್ತು ಪ್ರವಾಸೋದ್ಯಮ ಇಲಾಖೆಗೆ ನಮ್ಮ ಅರಿಕೆ. ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯಗಳ ಸೀಮೆ ನಮ್ಮದೆಂದು ಭಾಷಣಗಳಲ್ಲಿ ಕೇಳಿ ಕಿವಿ ತುಂಬಿದೆ. ಹೊರಗಿನವರು ಬಂದು ಇಳಿಯುವ ಬಸ್ ನಿಲ್ದಾಣದಲ್ಲಿ ಮಾತ್ರ, ಈ ಭಾಗದಲ್ಲಿ ನೋಂದಣಿಯಾದ ಲಾಡ್ಜು, ಹೋಂಸ್ಟೇಗಳು ಯಾವುವು, ಅವುಗಳ ಫೋನ್ ನಂಬರು ಏನು, ರೂಮು ತಪ್ಪಿದರೆ ಯಾರಿಗೆ ದೂರು ಹೇಳಬೇಕು ಎಂಬ ಒಂದು ಬೋರ್ಡು ನಮ್ಮ ಕಣ್ಣಿಗೆ ಬಿದ್ದಿಲ್ಲ. ಒಂದು ತಗಡು, ಒಂದು ಡಬ್ಬಿ ಬಣ್ಣ, ಬರೆಯುವವನಿಗೆ ಒಂದು ದಿನದ ಕೂಲಿ. ಇದಕ್ಕೆ ಟೆಂಡರು ಬೇಕಾಗಿಲ್ಲ. ಲಾಡ್ಜು, ಹೋಂಸ್ಟೇಯವರು ತಮ್ಮತಮ್ಮಲ್ಲೇ ಕೂತು, ಒಬ್ಬರಲ್ಲಿ ರೂಮು ತಪ್ಪಿದವರನ್ನು ಇನ್ನೊಬ್ಬರು ಅದೇ ದರಕ್ಕೆ ಇಳಿಸಿಕೊಳ್ಳುವ ಒಂದು ಒಪ್ಪಂದ ಮಾಡಿಕೊಳ್ಳುವುದೂ ಕಷ್ಟವಲ್ಲ. ಟೀ ಅಂಗಡಿಯವನು ಹತ್ತು ನಿಮಿಷದಲ್ಲಿ ಮಾಡಿದ ಕೆಲಸ ಅದು.

ಆ ಹುಬ್ಬಳ್ಳಿಯ ಸಂಸಾರ ಮರುದಿನ ಬೀಚನಹಳ್ಳಿ ಅಣೆಕಟ್ಟನ್ನು ದೂರದಿಂದ ನೋಡಿ, ಭೀಮನಕೊಲ್ಲಿ ಮಾದಪ್ಪನಿಗೆ ಕೈಮುಗಿದು ಊರಿಗೆ ಹೋಯಿತು. ಅಜ್ಜಿ ಹೋಗುವಾಗ ಟೀ ಅಂಗಡಿಯವನ ತಲೆ ನೇವರಿಸಿದ್ದನ್ನು ನಾವು ನೋಡಿದೆವು. ಹದಿನೈದು ದಿನ ಕಳೆದ ಮೇಲೆ ಆ ಯಜಮಾನರು ಫೋನು ಮಾಡಿದ್ದರು. ಕಟ್ಟಿದ್ದರಲ್ಲಿ ಅರ್ಧ ವಾಪಸು ಬಂದಿದೆಯಂತೆ, ಉಳಿದರ್ಧಕ್ಕೆ 'ಮುಂದಿನ ವರ್ಷ ಬನ್ನಿ' ಎಂಬ ಚೀಟಿ ಬಂದಿದೆಯಂತೆ. "ಚೀಟಿ ಇಟಗೊಂಡು ಏನ್ ಮಾಡೂದ್ರೀ?" ಎಂದು ಕೇಳಿದರು. ಆ ಚೀಟಿಯನ್ನು ಹರಿಯಬೇಡಿ, ಲಾಡ್ಜಿನ ರಸೀದಿಯ ಜೊತೆ ಪಿನ್ನು ಹೊಡೆದು ಇಟ್ಟುಕೊಳ್ಳಿ, ೧೯೧೫ಕ್ಕೆ ಫೋನು ಮಾಡಿ, ಅದಕ್ಕೂ ಬಗ್ಗದಿದ್ದರೆ ಧಾರವಾಡದ ಆಯೋಗಕ್ಕೆ ಹೋಗಿ ಎಂದೆವು. ಸೋಮವಾರ ಹೋಗುತ್ತೇನೆ ಎಂದರು.